ಎಚ್ಚರವಾದ ಮೇಲಿನ ಒಂದೂವರೆ ಗಂಟೆ

ಹಾಸಿಗೆಯಲ್ಲಿ ಜಾಸ್ತಿ ಹೊತ್ತು ಕಳೆದರೆ ಮರುದಿನ ಮೈ ಹಗುರವಾಗಿ ಚೆನ್ನಾಗಿ ಓಡಾಡಬಹುದು ಅಂತ ಬಹಳ ವರ್ಷ ನಂಬಿದ್ದೆ. ವಾಕಿಂಗ್ ತಪ್ಪಿದ ದಿನ ಬೇಗನೆ ಹಾಸಿಗೆ ಸೇರುತ್ತಿದ್ದೆ. ಮರುದಿನ ಮತ್ತೆ ವಾಕಿಂಗ್ ತಪ್ಪುತ್ತಿತ್ತು. ಯಾಕೆ ಹೀಗೆ ಅಂತ ನೋಡೋಣ ಎಂದು ಹತ್ತು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ನಾಲ್ಕು ಕಾಲಂ ಎಳೆದಿದ್ದೆ: ದೀಪ ಆರಿಸಿದ್ದು, ಎಚ್ಚರವಾದದ್ದು, ಹಾಸಿಗೆ ಬಿಟ್ಟಿದ್ದು, ಆ ದಿನದ ಹೆಜ್ಜೆ. ಮೂರನೆಯದನ್ನು ಸುಮ್ನೆ ಹಾಕಿದ್ದು. ನನ್ನ ಬಂಡವಾಳ ಬಯಲು ಮಾಡಿದ್ದು ಅದೇ.

ಮೊದಲ ವಾರದ ಒಂದು ಸಾಲು: 10.15, 6.05, 7.35, 4,100. ಎಚ್ಚರವಾದ ಮೇಲೂ ಒಂದೂವರೆ ಗಂಟೆ ಅಲ್ಲೇ. ಎಡ ಮಗ್ಗುಲಿಗೆ ತಿರುಗಿ, ಮೊಬೈಲನ್ನು ದಿಂಬಿಗೆ ಒರಗಿಸಿ, ಒಂದೇ ಬೆರಳು ಆಡಿಸುತ್ತಾ ಬಿದ್ದುಕೊಂಡಿದ್ದೆ. ಕೈಯಲ್ಲಿದ್ದ ವಾಚ್ ಮಾತ್ರ 8 ಗಂಟೆ 40 ನಿಮಿಷ ನಿದ್ದೆ ಎಂದು ಶಹಬ್ಬಾಸ್ ಹೇಳಿತ್ತು. ಅದಕ್ಕೆ ಗೊತ್ತಾಗುವುದು ಮುಖ್ಯವಾಗಿ ಕೈಯ ಅಲುಗಾಟ ಮತ್ತು ನಾಡಿ. ಮಿಸುಕಾಡದೆ ಮಲಗಿದ್ದರೆ ಅದನ್ನೂ ನಿದ್ದೆಯ ಲೆಕ್ಕಕ್ಕೆ ಸೇರಿಸುವುದುಂಟು. ರಾತ್ರಿ ನಿದ್ದೆ ಹತ್ತದೆ ಹೊರಳಾಡಿದ ಅರ್ಧ ಗಂಟೆಯನ್ನೂ ಕಳೆದರೆ ಅವತ್ತು ನಿಜವಾದ ನಿದ್ದೆ ಸುಮಾರು ಏಳೂಕಾಲು ಗಂಟೆ. ಹಾಸಿಗೆಯಲ್ಲಿದ್ದ ಹೊತ್ತಿನ ಶೇ 78ರಷ್ಟು. ಶೇ 85 ದಾಟಿದರೆ ಚೆನ್ನ ಅನ್ನುತ್ತಾರೆ ನಿದ್ದೆಯ ವೈದ್ಯರು.

ದಿನಕ್ಕಿರುವುದೇ 24 ಗಂಟೆ ಅಲ್ವಾ? ಹಾಸಿಗೆ ಒಂದೂವರೆ ಗಂಟೆ ತಿಂದರೆ ಬೇರೆ ಏನೋ ಒಂದು ಉಪವಾಸ ಬೀಳಬೇಕು. ಕೆಲಸದ ಹೊತ್ತನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಬೆಳಗಿನ ನಡಿಗೆಗೇ ಕತ್ತರಿ. ನನಗೆ ಸುಸ್ತು ಅಂತ ಅನಿಸುತ್ತಿದ್ದದ್ದರಲ್ಲಿ ಅರ್ಧ ಬರೀ ಹೊತ್ತಿಲ್ಲದ್ದು.

ಐದು ಗಂಟೆ ಮಾತ್ರ ಮಲಗಿದ ದಿನಗಳದ್ದು ಬೇರೆ ಕತೆ. ಹೆಜ್ಜೆ ಕಡಿಮೆಯಾಗಲೇ ಇಲ್ಲ, ಎರಡು ದಿನ ಜಾಸ್ತಿಯೇ ಇತ್ತು. ಎದ್ದಿರುವ ಹೊತ್ತು ಜಾಸ್ತಿಯಾದರೆ ಹೆಜ್ಜೆ ತಾನಾಗಿ ಬೀಳುತ್ತದೆ. ಆದರೆ ಅವು ಕಾಲೆಳೆದುಕೊಂಡು ನಡೆದ ಹೆಜ್ಜೆಗಳು. ಮೆಟ್ಟಿಲು ಕಂಡರೆ ಲಿಫ್ಟ್ ಹುಡುಕುತ್ತಿದ್ದೆ. ಬಿರುಸಾಗಿ ಹತ್ತು ನಿಮಿಷ ನಡೆಯುವಷ್ಟರಲ್ಲಿ ಸಾಕಪ್ಪಾ ಅನಿಸುತ್ತಿತ್ತು. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅನ್ನುವುದು ಸುಮ್ಮನೆ ಹೇಳಿದ ಮಾತಲ್ಲ. ಆ ದಿನಗಳ ಎಣಿಕೆ ನೋಡಿ ಯಾರೂ ನಿದ್ದೆಗೆಡಬೇಡಿ.

ಜ್ವರ ಬಂದ ನಾಲ್ಕು ದಿನಗಳನ್ನು ಲೆಕ್ಕದಿಂದ ತೆಗೆದೆ. ಜ್ವರ ಬಂದರೆ ಮಲಗುವುದೂ ಜಾಸ್ತಿ, ನಡೆಯುವುದೂ ಕಡಿಮೆ. ಅದರ ತಪ್ಪನ್ನು ಹಾಸಿಗೆಯ ತಲೆಗೆ ಕಟ್ಟಬಾರದು.

ಐದನೇ ವಾರದಿಂದ ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು, ಅಲ್ಲೇ 6.15ಕ್ಕೆ ಅಲಾರಂ ಇಟ್ಟೆ. ಆಫ್ ಮಾಡಬೇಕೆಂದರೆ ಎದ್ದು ಹೋಗಲೇಬೇಕು. ರಾತ್ರಿ ದೀಪ ಆರಿಸುವುದನ್ನು 10.45ಕ್ಕೆ ತಳ್ಳಿದೆ. ಮೊದಲ ಇಪ್ಪತ್ತು ನಿಮಿಷ ಮಂಪರು, ಯಾರ ಮೇಲಾದರೂ ರೇಗಬೇಕು ಅನಿಸುತ್ತದೆ. ಶೂ ಕಟ್ಟಿಕೊಳ್ಳುವಷ್ಟರಲ್ಲಿ ಅದು ಇಳಿದಿರುತ್ತದೆ. ಈಗ ಎರಡನೇ ಮತ್ತು ಮೂರನೇ ಕಾಲಂ ನಡುವೆ ಹತ್ತು ನಿಮಿಷವೂ ಇರುವುದಿಲ್ಲ. ಹೆಜ್ಜೆ ಬಹುತೇಕ ದಿನ 7,000 ದಾಟುತ್ತದೆ.

ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ನಿದ್ದೆ ಹತ್ತಲು ಅರ್ಧ ಗಂಟೆ ಹೊರಳಾಡುತ್ತಿದ್ದವನಿಗೆ ಈಗ ಬೇಗ ಕಣ್ಣು ಹತ್ತುತ್ತದೆ. ಅದು ನಡಿಗೆಯಿಂದಲೋ, ತಡವಾಗಿ ಮಲಗಿದ್ದರಿಂದಲೋ ಬೇರ್ಪಡಿಸಲು ಆಗುತ್ತಿಲ್ಲ. ಎರಡನ್ನೂ ಒಂದೇ ವಾರ ಬದಲಾಯಿಸಿದ್ದು ನನ್ನದೇ ಎಡವಟ್ಟು.