ಮರಳು, ಕಡಲು, ಗಾಳಿ: ಬಿಸಿಲಿನ ಕಾವನ್ನು ಅಳೆದ ನನ್ನ ಅನುಭವ

ನಾನು ಉಡುಪಿ ಜಿಲ್ಲೆಯ ಕರಾವಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ ಎಂಬ ಪಾಠವನ್ನು ಎಷ್ಟೋ ವರ್ಷ ಎರಡು ಡಬ್ಬಿ ಮತ್ತು ಒಂದು ಬಲ್ಬು ಇಟ್ಟುಕೊಂಡೇ ಮುಗಿಸುತ್ತಿದ್ದೆ. ಕಡಲು ಇಷ್ಟು ಹತ್ತಿರದಲ್ಲಿರುವಾಗ ಅದನ್ನು ಡಬ್ಬಿಯಲ್ಲಿ ತೋರಿಸುವುದು ಮನಸ್ಸಿಗೆ ಒಪ್ಪದೆ, ಒಂದು ಮಾರ್ಚ್ ತಿಂಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಮರವಂತೆಯ ದಂಡೆಗೆ ಕರೆದುಕೊಂಡು ಹೋದೆ. ಜೊತೆಗೆ ಒಯ್ದದ್ದು 110 ಡಿಗ್ರಿಯವರೆಗೆ ತೋರಿಸುವ ಪ್ರಯೋಗಾಲಯದ ನಾಲ್ಕು ಥರ್ಮಾಮೀಟರುಗಳನ್ನು ಮಾತ್ರ. ಜ್ವರ ನೋಡುವ ಥರ್ಮಾಮೀಟರಿನ ಅಳತೆ 42 ಡಿಗ್ರಿಗೇ ಮುಗಿಯುವುದರಿಂದ ಕಾದ ಮರಳಿಗೆ ಅದು ಆಗದು.

ಮೊದಲ ದಿನವೇ ತಪ್ಪಾಯಿತು. ಗಾಳಿಯ ಉಷ್ಣತೆ ನೋಡಲು ಕೋಲಿಗೆ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸಿದ ಥರ್ಮಾಮೀಟರು 41 ಡಿಗ್ರಿ ತೋರಿಸಿತು; ದಡಕ್ಕೆ ಎಳೆದಿಟ್ಟಿದ್ದ ದೋಣಿಯ ನೆರಳಿನಲ್ಲಿ ನಿಂತ ಹುಡುಗಿಯ ಕೈಯಲ್ಲಿದ್ದದ್ದು 32 ತೋರಿಸಿತು. ಹತ್ತು ಹೆಜ್ಜೆಯ ಅಂತರದಲ್ಲಿ ಗಾಳಿ ಅಷ್ಟು ಬೇರೆಯಾಗಿರಲು ಸಾಧ್ಯವಿಲ್ಲ. ಬಿಸಿಲು ನೇರವಾಗಿ ಬಿದ್ದು ಗಾಜಿನ ಬುರುಡೆಯೇ ಕಾದಿತ್ತು, ನಾನು ಗಾಳಿಯ ಬದಲು ಥರ್ಮಾಮೀಟರನ್ನೇ ಅಳೆದಿದ್ದೆ. ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣದ, ಗಾಳಿಯಾಡುವ ಸ್ಟೀವನ್ಸನ್ ಪೆಟ್ಟಿಗೆಯೊಳಗೆ ಥರ್ಮಾಮೀಟರು ಇಡುವುದು ಇದಕ್ಕಾಗಿಯೇ. ಮರುದಿನ ರಟ್ಟಿನ ಪೆಟ್ಟಿಗೆಯೊಂದಕ್ಕೆ ಬಿಳಿ ಕಾಗದ ಅಂಟಿಸಿ, ಎರಡು ಬದಿ ತೆರೆದು, ಎದೆಮಟ್ಟದಲ್ಲಿ ತೂಗುಹಾಕಿದೆವು.

ಈ ತಪ್ಪಿನಿಂದಲೇ ಪಾಠದ ತಿರುಳು ಮಕ್ಕಳಿಗೆ ಸಿಕ್ಕಿತು. ಗಾಳಿ ಬಿಸಿಲನ್ನು ಬಹುಪಾಲು ಹಾಗೆಯೇ ಬಿಟ್ಟುಕೊಡುತ್ತದೆ. ಭೂಮಿಗೆ ಬರುವ ಸೂರ್ಯನ ಶಕ್ತಿಯಲ್ಲಿ ಸುಮಾರು ಶೇಕಡಾ 30ರಷ್ಟು ಪ್ರತಿಫಲಿಸಿ ಮರಳಿಹೋಗುತ್ತದೆ, ವಾತಾವರಣ ಹೀರಿಕೊಳ್ಳುವುದು ಕಾಲುಭಾಗಕ್ಕಿಂತ ಕಡಿಮೆ, ಹೆಚ್ಚುಕಡಿಮೆ ಅರ್ಧದಷ್ಟು ನೆಲಕ್ಕೂ ನೀರಿಗೂ ಸೇರುತ್ತದೆ. ಕಾದ ನೆಲವನ್ನು ಸೋಕಿ ಮೇಲೇರುವ ಗಾಳಿ, ನೀರಿನಿಂದ ಏಳುವ ಆವಿ, ನೆಲ ಹೊರಸೂಸುವ ಅವಗೆಂಪು ಕಿರಣ ಇವುಗಳ ಮೂಲಕ ಆ ಕಾವು ವಾತಾವರಣಕ್ಕೆ ದಾಟುತ್ತದೆ. ಗಾಳಿ ಮುಖ್ಯವಾಗಿ ಕೆಳಗಿನಿಂದ ಕಾಯುತ್ತದೆ ಎಂಬುದನ್ನು ನಾನು ಅಲ್ಲಿಯವರೆಗೆ ಇಷ್ಟು ಒತ್ತಿ ಹೇಳಿರಲಿಲ್ಲ.

ಮಧ್ಯಾಹ್ನ 12ಕ್ಕೆ ಒಣ ಮರಳಿನ ಮೇಲ್ಪದರ 51 ಡಿಗ್ರಿ ಮುಟ್ಟಿತ್ತು. ಅದೇ ಜಾಗದಲ್ಲಿ ಒಂದು ಗೇಣು ತೋಡಿದರೆ 33 ಮಾತ್ರ. ಬೆಳಿಗ್ಗೆ 7ಕ್ಕೆ 24 ಇದ್ದ ಮರಳು ಹೀಗೆ ಏರಿದ್ದರೆ, ಮೊಣಕಾಲುದ್ದದ ಕಡಲ ನೀರು ಬೆಳಿಗ್ಗೆಯೂ ಮಧ್ಯಾಹ್ನವೂ 29ರ ಆಸುಪಾಸಿನಲ್ಲೇ ಇತ್ತು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಜೂಲ್ ಬೇಕು, ಒಣ ಮರಳಿಗೆ ಅದರ ಐದನೇ ಒಂದು ಭಾಗ ಸಾಕು. ಇದಿಷ್ಟೇ ಕಾರಣವೆಂದು ಪಾಠ ನಿಲ್ಲಿಸುವುದು ತಪ್ಪೆಂದು ಈಗ ನನಗೆ ಅನ್ನಿಸುತ್ತದೆ. ಮರಳಿನಲ್ಲಿ ಕಾವು ಮೇಲಿನ ಪದರದಲ್ಲೇ ಉಳಿದರೆ, ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯುತ್ತದೆ, ಅಲೆಗಳು ಮೇಲಿನದನ್ನು ಕೆಳಗಿನದರೊಡನೆ ಬೆರೆಸುತ್ತವೆ, ಆವಿಯಾಗುವ ನೀರು ಕಾವನ್ನು ಹೊತ್ತೊಯ್ಯುತ್ತದೆ. ಅಲೆ ತಾಗುವ ಒದ್ದೆ ಮರಳಿನ ಮೇಲೆ ಬರಿಗಾಲಿನಲ್ಲಿ ನಿಂತ ಮಕ್ಕಳಿಗೆ ಆ ಕೊನೆಯ ಕಾರಣವನ್ನು ವಿವರಿಸುವ ಅಗತ್ಯವೇ ಬರಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಗಾಳಿಯ ಅಂಕಿಗಳು. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುವುದರಿಂದ, ಪಶ್ಚಿಮದ ನಮ್ಮ ಕರಾವಳಿಯಲ್ಲಿ ಮಾರ್ಚ್ ನಡುವಿನಲ್ಲಿ ಸೂರ್ಯ ಅತ್ಯಂತ ಮೇಲೆ ಬರುವುದು 12 ಗಂಟೆ 40 ನಿಮಿಷದ ಹೊತ್ತಿಗೆ. ನೆಲ ಕಾದು, ಆಮೇಲೆ ಗಾಳಿ ಕಾಯಬೇಕಾದ್ದರಿಂದ ಅತಿ ಹೆಚ್ಚಿನ ಉಷ್ಣತೆ ಮಧ್ಯಾಹ್ನ ಎರಡು ಗಂಟೆಯ ನಂತರ ಬರುತ್ತದೆಂದು ಮಕ್ಕಳಿಗೆ ಹೇಳಿಟ್ಟಿದ್ದೆ. ಆದರೆ 12ಕ್ಕೆ 33 ಡಿಗ್ರಿ ಇದ್ದ ಗಾಳಿ ಒಂದು ಗಂಟೆಗೆ 32ಕ್ಕೆ ಇಳಿದು ಅಲ್ಲೇ ನಿಂತಿತು, ಮರಳಾದರೋ ಇನ್ನೂ ಏರುತ್ತಿತ್ತು. ನಾನು ಪೆಟ್ಟಿಗೆಯನ್ನು ತಿರುಗಿಸಿ ನೋಡುತ್ತಿದ್ದಾಗ ಮೀನುಗಾರರ ಮನೆಯ ಹುಡುಗನೊಬ್ಬ, "ಸರ್, ಪಡುಗಾಳಿ ಶುರುವಾಯಿತಲ್ಲ, ಇನ್ನು ಏರುವುದಿಲ್ಲ" ಎಂದ. ಅವನ ಮಾತು ಸರಿಯಾಗಿತ್ತು. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರಿದಂತೆ ಕಡಲಿನ ಮೇಲಿನ ತಂಪು ಗಾಳಿ ಒಳನುಗ್ಗಿ, ದಂಡೆಯ ಗಾಳಿ ಇನ್ನಷ್ಟು ಕಾಯುವುದನ್ನು ತಡೆದು ನಿಲ್ಲಿಸಿತ್ತು. ಅದೇ ದಿನ ಘಟ್ಟದ ಬುಡದ ತನ್ನ ಮನೆಯಂಗಳದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ನೆರಳಿನಲ್ಲಿ ಅಳೆದಾಗ ಗಾಳಿ ಎರಡೂವರೆಯವರೆಗೆ ಏರುತ್ತಲೇ ಇತ್ತು.

ಆಮೇಲೆ ಒಂದು ದಿನ ಬೆಳಗಿನ ಜಾವ ನಾನೊಬ್ಬನೇ ಹೋಗಿ ಅಳೆದೆ. ರಾತ್ರಿಯಿಡೀ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟ ಮರಳು 22 ಡಿಗ್ರಿ, ಅದರ ಮೇಲಿನ ಗಾಳಿ 23, ಕಡಲು ಅದೇ 29. ಮರಳಿನಲ್ಲಿ ನೆಟ್ಟ ಊದುಬತ್ತಿಯ ಹೊಗೆ, ಮಧ್ಯಾಹ್ನ ನೆಲದ ಬದಿಯ ಹೆದ್ದಾರಿಯ ಕಡೆ ಬಾಗುತ್ತಿದ್ದದ್ದು, ಈಗ ನೆಲಕ್ಕೆ ಹತ್ತಿಕೊಂಡೇ ಕಡಲಿನ ಕಡೆಗೆ ಸಾಗುತ್ತಿತ್ತು.