ಹೊಳಿ ಆಚಿ ಆಯಿಯ ಹೆಸರು ಹುಡುಕಿದ್ದು

ನಮ್ಮ ಮುತ್ಯಾನ (ಅಜ್ಜನ) ಆಯಿಯ, ಅಂದರೆ ಅಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ‘ಹೊಳಿ ಆಚಿ ಆಯಿ’ ಅಂತಲೇ ಅನ್ನುತ್ತಿದ್ದರು. ನಮ್ಮದು ಯಾದಗಿರಿ ತಾಲೂಕು, ಹೊಳೆ ಅಂದರೆ ಭೀಮಾ. ತವರು ಭೀಮಾದ ಆಚೆ, ಶಹಾಪುರದ ಕಡೆ ಇರಬೇಕು ಅಂದುಕೊಂಡೆ. ಕೈಯಲ್ಲಿದ್ದ ಸುಳಿವು ಅಷ್ಟೇ.

ಮೊದಲು ಹೊಲದ ಕಾಗದ ಹಿಡಿದೆ. ನಮ್ಮ ಭಾಗ 1948ರವರೆಗೆ ನಿಜಾಮರ ಕೈಯಲ್ಲಿತ್ತು. ದಫ್ತರದ ಬರಹ ಉರ್ದು, ಅದಕ್ಕೂ ಹಿಂದೆ ಫಾರಸಿ. ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಕಾಗದವನ್ನು ನಿವೃತ್ತ ಉರ್ದು ಮಾಸ್ತರರೊಬ್ಬರು ಓದಿ ಹೇಳಿದರು. ಮೇಲೆ 1302 ಅಂತಿತ್ತು. ಅದು ಫಸಲಿ ವರ್ಷ, ಕಂದಾಯದ ಲೆಕ್ಕದ್ದು. ಇಸವಿ ಬೇಕಾದರೆ 590 ಕೂಡಿಸಬೇಕು. ಹೈದರಾಬಾದಿನ ಫಸಲಿ ಅಕ್ಟೋಬರಿಗೆ ಶುರುವಾಗುತ್ತಿತ್ತು, ಹಾಗಾಗಿ 1892–93. ಅದರಲ್ಲಿ ಮುತ್ಯಾನ ಮುತ್ಯಾನ ಹೆಸರಿತ್ತು, ಅದರ ಹಿಂದೆ ‘ಬೇವಾ’ ಅಂತಿತ್ತು. ಅಂದರೆ ಆತನ ವಿಧವೆ. ಹೊಲ ಆಕೆಯದು, ಹೆಸರು ಮಾತ್ರ ಗಂಡನದು. ಮಾಸ್ತರರು ಮತ್ತೆ ಮತ್ತೆ ಓದಿದರು. ಬೇರೇನೂ ಇರಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲೆ ಸುಗ್ಗಿಗೆ ನಮ್ಮ ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವವರು, ಬಂದರು. ವಂಶ ಹೇಳುತ್ತಾ ಬಂದರು, ಎಲ್ಲಾ ಗಂಡುಮಕ್ಕಳೇ. ಆಯಿ ವಿಷಯ ಕೇಳಿದೆ. ‘ನಮ್ಮ ಪುಸ್ತಕದಾಗ ನಿಮ್ಮ ಮನೆತನ ಐತ್ರಿ. ಆಕಿ ಹುಟ್ಟಿದ್ದು ಆಕಿ ತವರಿನ ಹೆಳವರ ಪುಸ್ತಕದಾಗ ಇರ್ತದ’ ಅಂದರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೆಣ್ಣುಮಗಳ ಸುದ್ದಿ ಬೇಕಾದರೆ ಗಂಡನ ಮನೆಯಲ್ಲಿ ಅಲ್ಲ, ತವರಲ್ಲಿ ಹುಡುಕಬೇಕು.

ಆದರೆ ತವರು ಯಾವುದು? ಅದನ್ನು ಹೇಳಿದ್ದು ಒಂದು ಹಿತ್ತಾಳೆ ತಂಬಿಗೆ. ಹಿರೇರ ಹಬ್ಬದಲ್ಲಿ ಹೊರತೆಗೆಯುವುದು. ‘ಆಯಿ ಲಗ್ನದಾಗ ಬಂದದ್ದು’ ಅಂತ ನಮ್ಮವ್ವ ಅನ್ನುತ್ತಿದ್ದರು. ಹುಣಸೆಹಣ್ಣು ಹಚ್ಚಿ ಮೆಲ್ಲಗೆ ತಿಕ್ಕಿದೆ. ಕೊರಳ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಂಡವು. ಸವೆದಿದ್ದವು. ಕತ್ತಲಲ್ಲಿ ಬ್ಯಾಟರಿಯನ್ನು ಓರೆಯಾಗಿ ಹಿಡಿದು ಮೊಬೈಲ್‌ನಲ್ಲಿ ಫೋಟೊ ತೆಗೆದೆ. ನೆರಳು ಬಿದ್ದು ಚುಕ್ಕಿಗಳು ಕೂಡಿಕೊಂಡವು. ಕೊಟ್ಟವರ ಮನೆತನದ ಅಡ್ಡಹೆಸರು! ನೀವು ಹಳೆ ಪಾತ್ರೆ ಮೋಡಕಾಕ್ಕೆ (ಗುಜರಿಗೆ) ಹಾಕುವ ಮುಂಚೆ ದಯವಿಟ್ಟು ಒಮ್ಮೆ ತಿರುಗಿಸಿ ನೋಡಿ.

ಆ ಅಡ್ಡಹೆಸರಿನವರು ಶಹಾಪುರದ ಕಡೆ ಎರಡು ಊರಲ್ಲಿದ್ದರು. ಎರಡನೇ ಊರಲ್ಲಿ ಅವರ ಹೆಳವರು ಯಾರು, ಯಾವಾಗ ಬರುತ್ತಾರೆ ಅಂತ ಕೇಳಿ, ಮುಂದಿನ ವರ್ಷದವರೆಗೆ ಕಾದೆ. ಅವರ ಪುಸ್ತಕದಲ್ಲಿ ಆಕೆ ಇದ್ದಳು. ಹೆಸರು, ಇಬ್ಬರು ಅಣ್ಣಂದಿರು, ಕೊಟ್ಟ ಊರು ನಮ್ಮೂರು. ಚೊಚ್ಚಲ ಮಗ ಧಾತು ಸಂವತ್ಸರದ ಬರದಲ್ಲಿ ಹುಟ್ಟಿದ್ದು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಸುಮ್ನೆ ನಂಬಬಾರದು. 1816 ಆಗಲೀ 1936 ಆಗಲೀ ಹೊಂದುವುದಿಲ್ಲ. 1876–77 ಮಾತ್ರ ಆ ಫಸಲಿ ಕಾಗದದ ಜೊತೆ ಕೂಡುತ್ತದೆ. ಅಂಥ ದೊಡ್ಡ ಬರದಲ್ಲಿ ಹಸುಗೂಸು ಉಳಿಸಿಕೊಂಡವಳು ಆಕೆ.

ಊರಿಗೆ ಬಂದು ನಮ್ಮ ಸೋದರತ್ತೆಗೆ ಹೆಸರು ಹೇಳಿದೆ. ಅದು ಅತ್ತೆಯದೇ ಹೆಸರು. ಆಕೆ ತುಸು ಹೊತ್ತು ಸುಮ್ಮನಿದ್ದು, ‘ಅದಕ್ಕೇನೋ, ಅಪ್ಪ ನನಗ ಒಂದು ದಿನನೂ ಹೆಸರು ಹಿಡಿದು ಕರೀಲಿಲ್ಲ. ಆಯಿ ಅಂತಲೇ ಕರೀತಿದ್ದ’ ಅಂದರು.