ಐವತ್ತು ಪೈಸೆ ಕಾರ್ಡಿನ ಮೇಲೆ ಬಿ.ಎ. ಪಾಠ

ಹೋದ ವರ್ಷ ನನ್ನ ಬಳಿ ಓದಿದ ದೂರಶಿಕ್ಷಣದ 19 ಮಂದಿ ಬಿ.ಎ. ವಿದ್ಯಾರ್ಥಿಗಳಲ್ಲಿ 17 ಮಂದಿ ಪರೀಕ್ಷೆಗೆ ಕುಳಿತರು, 14 ಮಂದಿ ಎಲ್ಲ ಪತ್ರಿಕೆಗಳಲ್ಲೂ ತೇರ್ಗಡೆಯಾದರು. ದಿನವೂ ತರಗತಿ ನಡೆಸುವ ಕಾಲೇಜಿನವರಿಗೆ ಇದು ಹೇಳಿಕೊಳ್ಳುವಂಥ ಸಂಗತಿಯಲ್ಲ. ಆದರೆ ಶುಲ್ಕ ಕಟ್ಟಿ ಪುಸ್ತಕದ ಕಟ್ಟು ಒಯ್ದವರಲ್ಲಿ ಎಷ್ಟು ಮಂದಿ ಹಾಲ್ ಟಿಕೆಟ್ ಹಿಡಿದು ಮರಳುತ್ತಾರೆ ಎಂಬುದು ಅಧ್ಯಯನ ಕೇಂದ್ರಗಳಲ್ಲಿ ದುಡಿದವರಿಗೆ ಗೊತ್ತಿದೆ. ನನ್ನ ವಿದ್ಯಾರ್ಥಿಗಳು ಕಾಫಿ ತೋಟದ ಲೆಕ್ಕ ಬರೆಯುವ ರೈಟರುಗಳು, ಅಂಗನವಾಡಿ ಕಾರ್ಯಕರ್ತೆಯರು, ಹೋಮ್‌ಸ್ಟೇಗಳಲ್ಲಿ ಅಡುಗೆ ಮಾಡುವವರು, ಮಕ್ಕಳು ಶಾಲೆಗೆ ಹೋದ ಮೇಲೆ ಪುಸ್ತಕ ಹಿಡಿಯುವ ಗೃಹಿಣಿಯರು. ಇವರಿಗೆ ಪೋಸ್ಟ್ ಕಾರ್ಡಿನಲ್ಲಿ ಪಾಠ ಮಾಡುತ್ತೇನೆ ಎಂದಾಗ, ನೆರೆಯಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯರು, "ಮೇಷ್ಟ್ರೇ, ಕಾರ್ಡು ಬರೆದು ಡಿಗ್ರಿ ಆಗ್ತದಾ? ಈಗ ಮದುವೆ ಕಾಗದವನ್ನೇ ಯಾರೂ ಅಂಚೆಯಲ್ಲಿ ಹಾಕುವುದಿಲ್ಲ" ಎಂದು ನಕ್ಕಿದ್ದರು. ಆ ನಗೆಗೆ ಉತ್ತರವಾಗಿಯೂ ಇದನ್ನು ಬರೆಯುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ.

ಮೊದಲು ಸೋತ ಕಥೆ. ಕೊಡಗಿನ ಸೋಮವಾರಪೇಟೆಯ ಕಡೆ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, 2016ರಲ್ಲಿ, ಕುಶಾಲನಗರದಲ್ಲಿ ಒಂದು ಸಭಾಂಗಣವನ್ನು ಭಾನುವಾರಗಳಿಗೆ ಬಾಡಿಗೆಗೆ ಹಿಡಿದೆ. ಮೈಸೂರಿನಿಂದ ಒಬ್ಬ ಒಳ್ಳೆಯ ಇತಿಹಾಸದ ಉಪನ್ಯಾಸಕರನ್ನು ಬಸ್ ಚಾರ್ಜು ಮತ್ತು ಗೌರವಧನ ಕೊಟ್ಟು ಕರೆಸುತ್ತಿದ್ದೆ. ಹಳೆಯ ಪ್ರೊಜೆಕ್ಟರ್ ಒಂದನ್ನು ಸುಮಾರು 14,000 ರೂಪಾಯಿಗೆ ಕೊಂಡೆ. ಮೊದಲ ಮಳೆಗಾಲಕ್ಕೇ ಅದರ ಲೆನ್ಸಿನೊಳಗೆ ಬೂಷ್ಟು ಹಿಡಿದು, ಭಾರತದ ಭೂಪಟದ ಮೇಲೆ ಸದಾ ಮೋಡ ಕವಿದಂತೆ ಕಾಣುತ್ತಿತ್ತು. ಹೆಸರು ಕೊಟ್ಟವರು 23 ಮಂದಿ. ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ 15 ಮಂದಿ ಉಳಿದಿದ್ದರು, ಸುಗ್ಗಿಯ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ಬಿರುಸಾದಾಗ ಆರು, ಜನವರಿಯ ಒಂದು ಭಾನುವಾರ ಉಪನ್ಯಾಸಕರು ಮತ್ತು ನಾನು ಇಬ್ಬರೇ ಚಹಾ ಕುಡಿದು ಎದ್ದೆವು. ಪರೀಕ್ಷೆಗೆ ಹೋದವರು 11, ತೇರ್ಗಡೆಯಾದವರು ನಾಲ್ಕು. ನನ್ನ ಕೈಯಿಂದ ಹೋದದ್ದು, ಪ್ರೊಜೆಕ್ಟರನ್ನೂ ಸೇರಿಸಿ, 38,000 ರೂಪಾಯಿಯ ಆಸುಪಾಸು.

ಹಾಜರಾತಿ ಇಲ್ಲದ್ದೇ ಸೋಲಿಗೆ ಕಾರಣ ಎಂದು ಆಗ ತೀರ್ಮಾನಿಸಿದ್ದೆ. ಆದರೆ ಒಂದು ಭಾನುವಾರವನ್ನೂ ತಪ್ಪಿಸದ ಒಬ್ಬ ರೈಟರ್ ಮೂರು ಪತ್ರಿಕೆಗಳಲ್ಲಿ ಅನುತ್ತೀರ್ಣನಾಗಿದ್ದ. ಅವನ ನೋಟ್ಸು ಎರಡು ದಪ್ಪ ಪುಸ್ತಕಗಳಷ್ಟಿತ್ತು. ತೋಟದ ಕೆಲಸಗಾರರ ಹಾಜರಿ ಪಟ್ಟಿಯಾದ ಚೆಕ್‌ರೋಲ್ ಬರೆದು ಪಳಗಿದ ಕೈ, ಅಕ್ಷರ ಮುತ್ತಿನಂತೆ. ಆ ಪುಸ್ತಕವನ್ನು ಮುಚ್ಚಿ, ಒಂದು ಘಟಕದ ವಿಷಯವನ್ನು ಹೇಳು ಎಂದೆ. ಶೀರ್ಷಿಕೆ ಹೇಳಿ ನಿಂತುಬಿಟ್ಟ. ಅಂದೇ ನನ್ನ ಕಣ್ಣು ತೆರೆಯಬೇಕಿತ್ತು, ತೆರೆಯಲಿಲ್ಲ. ಸಭಾಂಗಣ ಬಿಟ್ಟು ವಾಟ್ಸಾಪ್ ಗುಂಪು ಮಾಡಿದೆ. ಹತ್ತು ತಿಂಗಳಲ್ಲಿ ಅದರಲ್ಲಿ ಸುಮಾರು 60 ಪಿಡಿಎಫ್‌ಗಳು, ಲೆಕ್ಕವಿಲ್ಲದಷ್ಟು ಶುಭೋದಯದ ಹೂವುಗಳು ಸೇರಿಕೊಂಡವು. ಪಿಡಿಎಫ್ ಬಂದೊಡನೆ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು. ತೆರೆದು ಓದಿದವರು ನಾಲ್ಕೈದು ಜನವೂ ಇರಲಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಾದಾಪುರ, ಹಟ್ಟಿಹೊಳೆಯ ಕಡೆಯ ದಾರಿಗಳು ಕಡಿದುಹೋದವು. ವಾರಗಟ್ಟಲೆ ಕರೆಂಟಿಲ್ಲ, ಫೋನಿಲ್ಲ. ಸ್ವಲ್ಪ ದಿನಗಳ ಮೇಲೆ, ಸಂಬಂಧಿಕರ ಮನೆ ಸೇರಿದ್ದ ಒಬ್ಬ ವಿದ್ಯಾರ್ಥಿನಿಯಿಂದ ಅಂಚೆಯಲ್ಲಿ ಒಂದು ಕಾಗದ ಬಂತು. "ಸರ್, ಪುಸ್ತಕಗಳು ಮನೆಯ ಜೊತೆಗೇ ಹೋದವು. ನೆನಪಿದ್ದಷ್ಟು ಬರೆದಿದ್ದೇನೆ, ತಪ್ಪಿದ್ದರೆ ತಿಳಿಸಿ" ಎಂದಿತ್ತು. ಕೆಳಗೆ ಎರಡು ಪುಟ, ಅರ್ಧ ಸರಿ, ಅರ್ಧ ತಪ್ಪು. ನಾನು ತಪ್ಪಿದ ಕಡೆಗಳಲ್ಲಿ ಪ್ರಶ್ನೆ ಹಾಕಿ ಮರಳಿಸಿದೆ. ಆಕೆ ಮತ್ತೆ ಬರೆದಳು. ಹೀಗೆ ಹತ್ತು ಹನ್ನೆರಡು ಕಾಗದಗಳು ಓಡಾಡಿದವು. ಹೊಸ ಪುಸ್ತಕ ಆಕೆಯ ಕೈಸೇರಿದ್ದು ಪರೀಕ್ಷೆಗೆ ಒಂದೂವರೆ ತಿಂಗಳು ಇರುವಾಗ. ಆ ವರ್ಷ ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಅಂಕ ಪಡೆದವಳು ಆಕೆಯೇ. ಪುಸ್ತಕವಿದ್ದವರೆಲ್ಲ ಅದನ್ನು ಮತ್ತೆ ಮತ್ತೆ ಓದಿದರು. ಪುಸ್ತಕವಿಲ್ಲದವಳು ತಲೆಯಿಂದ ತೆಗೆದು ಬರೆದಳು. ಇದನ್ನೇ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರು ಮುಂದೆ, ಒಂದು ವಾರದ ನಂತರ ಕೇಳಿದರೆ ನೆನಪಿನಿಂದ ಬರೆದವರು ಮುಂದೆ. ಇದಕ್ಕಿಂತ ಹೆಚ್ಚಿನ ಸಿದ್ಧಾಂತ ಇಲ್ಲಿ ಬೇಡ.

ಮಾಡುವುದು ಇಷ್ಟು. ಪ್ರತಿ ಪತ್ರಿಕೆಗೆ ಸುಮಾರು 14 ಪ್ರಶ್ನೆಗಳನ್ನು ಆರಿಸುತ್ತೇನೆ. ವಿದ್ಯಾರ್ಥಿ ರಾತ್ರಿ ಘಟಕವನ್ನು ಓದಿ ಮಲಗಬೇಕು. ಬೆಳಿಗ್ಗೆ ಕಾಫಿ ಕುಡಿದು, ಪುಸ್ತಕ ಮುಟ್ಟದೆ, ಕಾರ್ಡಿನಲ್ಲಿ ಹಿಡಿಸುವಷ್ಟು ಉತ್ತರ ಬರೆದು ಡಬ್ಬಿಗೆ ಹಾಕಬೇಕು. ನಾನು ಸರಿಯುತ್ತರ ಬರೆಯುವುದಿಲ್ಲ. ಒಂದೋ ಎರಡೋ ಪ್ರಶ್ನೆ ಬರೆದು ಕಳಿಸುತ್ತೇನೆ. ಅದು ತಲುಪುವಾಗ ನಾಲ್ಕರಿಂದ ಆರು ದಿನ ಕಳೆದಿರುತ್ತದೆ, ಓದಿದ್ದು ಮಾಸತೊಡಗಿರುತ್ತದೆ. ಆಗ ಎರಡನೆಯ ಕಾರ್ಡು, ಅದೂ ಪುಸ್ತಕ ತೆರೆಯದೆ. ಅದನ್ನು ಹಾಕಿದ ಮೇಲೆಯೇ ಪುಸ್ತಕ ತೆರೆದು ತಾಳೆ ನೋಡಬಹುದು. ಅಸೈನ್‌ಮೆಂಟಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ: ಅಸೈನ್‌ಮೆಂಟನ್ನು ನಮ್ಮವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನಕಲು ಮಾಡುತ್ತಾರೆ, ಮತ್ತು ಅದು ತಿದ್ದಿ ಬರುವಾಗ ಏನು ಬರೆದಿದ್ದೆವೆಂಬುದೇ ಮರೆತಿರುತ್ತದೆ.

ಒಂದು ಕಾರ್ಡನ್ನು ಇಲ್ಲಿ ತೋರಿಸುತ್ತೇನೆ. ರಾಜ್ಯ ಪುನರ್ವಿಂಗಡಣೆಯ ಪ್ರಶ್ನೆಗೆ ಸುಂಟಿಕೊಪ್ಪದ ಕಡೆಯ ಒಬ್ಬ ರೈಟರ್, "1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮೊದಲು ಅದು ಬೇರೆ ರಾಜ್ಯವಾಗಿತ್ತು. ಭಾಷೆಯ ಆಧಾರದಲ್ಲಿ ರಾಜ್ಯ ಮಾಡಿದರು" ಎಂದು ಮೂರೇ ವಾಕ್ಯ ಬರೆದು, ಉಳಿದ ಜಾಗದಲ್ಲಿ "ಇಷ್ಟೇ ನೆನಪು" ಎಂದಿದ್ದ. ನಾನು ಬರೆದದ್ದು: "ಯಾವ ಆಯೋಗ? ಅದು ನೇಮಕವಾದ ವರ್ಷ, ವರದಿ ಕೊಟ್ಟ ವರ್ಷ ಬೇರೆ ಬೇರೆಯಲ್ಲವೇ? ಆಗಿನ ಸಂವಿಧಾನದ ಪ್ರಕಾರ ಕೊಡಗು ಯಾವ ಭಾಗದ ರಾಜ್ಯ, ಎ, ಬಿ, ಸಿ?" ಎರಡನೆಯ ಕಾರ್ಡಿನಲ್ಲಿ ಫಜಲ್ ಅಲಿ ಆಯೋಗವೂ 1953ನೇ ಇಸವಿಯೂ ಬಂದವು, ವರದಿಯ ವರ್ಷ ಮಾತ್ರ 1954 ಎಂದಾಗಿತ್ತು. ಪುಸ್ತಕ ತೆರೆದಾಗ 1955 ಎಂದು ಕಂಡು, ಅವನೇ ಮೂರನೆಯ ಕಾರ್ಡೊಂದನ್ನು ತನ್ನ ಖರ್ಚಿನಲ್ಲಿ ಹಾಕಿದ: "ಸರ್, ಒಂದು ವರ್ಷ ತಪ್ಪಿತ್ತು." ಆ ಇಸವಿಯನ್ನು ಅವನು ಇನ್ನು ಮರೆಯುವುದಿಲ್ಲ.

ಮೊದಲ ಮಳೆಗಾಲದಲ್ಲಿ ಜೆಲ್ ಪೆನ್ನಿನಲ್ಲಿ ಬರೆದ ಕಾರ್ಡುಗಳೆಲ್ಲ ಹಾಳಾದವು. ಜುಲೈ ತಿಂಗಳಲ್ಲಿ ಶಾಂತಳ್ಳಿಯ ಕಡೆಯಿಂದ ಬಂದ ಒಂದು ಕಾರ್ಡಿನಲ್ಲಿ ವಿಳಾಸ ಮಾತ್ರ ಉಳಿದು, ಉತ್ತರವೆಲ್ಲ ನೀಲಿ ನೀರಾಗಿತ್ತು. ಈಗ ಬಾಲ್ ಪೆನ್ನು ಕಡ್ಡಾಯ. ಖಾಲಿ ಕಾರ್ಡುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಕೆಂದೂ ಹೇಳುತ್ತೇನೆ. ಇನ್ನೊಂದು ತಪ್ಪು ಪೂರ್ತಿಯಾಗಿ ನನ್ನದು. ಮೊದಮೊದಲು ಕಾರ್ಡಿನ ಮೇಲೆ ಅಂಕ ಹಾಕುತ್ತಿದ್ದೆ. ತೋಟದಲ್ಲಿರುವವರ ಅಂಚೆ ಎಸ್ಟೇಟ್ ಆಫೀಸಿಗೆ ಬರುತ್ತದೆ, ಅಲ್ಲಿ ಎಲ್ಲರೂ ಓದುತ್ತಾರೆ. "10ಕ್ಕೆ 2" ಎಂಬುದನ್ನು ಮೇಜಿನ ಮೇಲೆ ಎಲ್ಲರೂ ನೋಡಿದ ಮೇಲೆ ಕಾರ್ಮಿಕರ ಲೈನ್‌ಮನೆಯ ಒಬ್ಬ ಹುಡುಗಿ ಬರೆಯುವುದನ್ನೇ ನಿಲ್ಲಿಸಿದಳು. ಆಕೆಯನ್ನು ಮತ್ತೆ ಒಪ್ಪಿಸಲು ಎರಡು ಸಲ ಅವರ ತೋಟಕ್ಕೆ ಹೋದೆ, ಒಪ್ಪಲಿಲ್ಲ. ಅಂದಿನಿಂದ ಅಂಕವಿಲ್ಲ, ವಿಳಾಸದ ಬದಿಯಲ್ಲಿ ಒಂದು ಗುರುತು ಹಾಕುತ್ತೇನೆ, ಅದರ ಅರ್ಥ ನನಗೂ ನನ್ನ ವಿದ್ಯಾರ್ಥಿಗಳಿಗೂ ಮಾತ್ರ ಗೊತ್ತು, ಇಲ್ಲಿಯೂ ಹೇಳುವುದಿಲ್ಲ. 14 ಪ್ರಶ್ನೆಗಳನ್ನು ಹೇಗೆ ಆರಿಸುತ್ತೇನೆ, ಯಾವ ಪತ್ರಿಕೆಯ ಪ್ರಶ್ನೆಯ ಹಿಂದೆ ಯಾವುದನ್ನು ಕಳಿಸುತ್ತೇನೆ ಎಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ವರ್ಷ ತಪ್ಪು ಮಾಡಿ ಕಲಿತದ್ದು ಅದು.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೊಸ ಘಟಕ ಕೊಡುವುದಿಲ್ಲ. ಇಡೀ ದಿನ ಹಣ್ಣು ಕೊಯ್ದು, ಚೀಲ ಹೊತ್ತು, ತೂಕ ಬರೆಸಿ ಬಂದವರಿಗೆ ಹೊಸ ಪಾಠ ತಲೆಗೆ ಹತ್ತುವುದಿಲ್ಲ. ಹಳೆಯ ಪ್ರಶ್ನೆಗಳನ್ನೇ ವಾರಕ್ಕೆ ಎರಡರಂತೆ ಮತ್ತೆ ಕೇಳುತ್ತೇನೆ. ಕೊಯ್ಲಿನ ಕಾಲದಲ್ಲಿ ಪುಸ್ತಕ ಬದಿಗಿಟ್ಟವರು ಕಾಫಿ ಹೂವರಳಿಸುವ ಮಾರ್ಚಿನ ಹೂಮಳೆಗೆ ಮತ್ತೆ ಮೊದಲ ಪುಟದಿಂದ ಶುರು ಮಾಡುತ್ತಿದ್ದರು; ಈ ಬದಲಾವಣೆಯಿಂದ ಅದು ತಪ್ಪಿತು.

ನಡುವೆ ಒಂದು ಉಪಪ್ರಯೋಗವನ್ನೂ ಮಾಡಿದೆ. ಪಾಠಗಳನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡಿಗೆ ಹಾಕಿ, ಕಣದಲ್ಲಿ ಕಾಫಿ ಹರವುವಾಗ ಕೇಳಿರಿ ಎಂದು ಎಂಟು ಜನರಿಗೆ ಕೊಟ್ಟೆ. ಸುಮಾರು 2,500 ರೂಪಾಯಿ ತಗುಲಿತು. ಎಲ್ಲರೂ ಸಂತೋಷದಿಂದ ಕೇಳಿದರು, "ರೇಡಿಯೋದ ಹಾಗೇ ಉಂಟು ಸರ್" ಎಂದರು, ಬರೆಯಲು ಹೇಳಿದರೆ ಯಾರಿಗೂ ಏನೂ ಬರಲಿಲ್ಲ. ಆಮೇಲೆ ಪಾಠವನ್ನೆಲ್ಲ ಅಳಿಸಿ, ಬರೀ ಪ್ರಶ್ನೆ, ಅದರ ಹಿಂದೆ ಮುಕ್ಕಾಲು ನಿಮಿಷದ ಮೌನ, ಮತ್ತೆ ಒಂದು ವಾಕ್ಯದ ಉತ್ತರ, ಹೀಗೆ ತುಂಬಿಸಿದೆ. ಅವಕಾಶ ವೆಚ್ಚ ಎಂದರೇನು ಎಂದು ಕೇಳಿ ನಾನು ಸುಮ್ಮನಾದರೆ, ಒಬ್ಬಾಕೆ ಕೈಯಲ್ಲಿ ಹರಗುವ ಕೋಲು ಹಿಡಿದುಕೊಂಡೇ, "ಕಾಫಿಯನ್ನು ಇವತ್ತೇ ಮಾರಿದರೆ, ತಡೆದು ಮಾರಿದಾಗ ಸಿಗಬಹುದಾಗಿದ್ದ ಲಾಭ ಬಿಟ್ಟ ಹಾಗೆ" ಎಂದು ಜೋರಾಗಿ ಉತ್ತರ ಕೊಡುತ್ತಿದ್ದಳಂತೆ. ಮೇಸ್ತ್ರಿ ಮೊದಲು ಗಾಬರಿಯಾಗಿ, ಆಮೇಲೆ ತಾನೂ ಉತ್ತರ ಹೇಳತೊಡಗಿದ.

ಬರೆಯುವ ಕೈಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಹತ್ತು ಹದಿನೈದು ವರ್ಷ ಪೆನ್ನು ಹಿಡಿಯದವರು ಮೂರು ಗಂಟೆ ಬರೆಯಲಾರರು. ಗೊತ್ತಿದ್ದರೂ ಕೊನೆಯ ಎರಡು ಪ್ರಶ್ನೆ ಬಿಟ್ಟು ಬರುತ್ತಾರೆ. ನಾನು ಅಳೆದಾಗ ಹೆಚ್ಚಿನವರು ಗಂಟೆಗೆ ನಾಲ್ಕು ಪುಟ ದಾಟುತ್ತಿರಲಿಲ್ಲ. ಪರೀಕ್ಷೆಗೆ ಮುಂಚಿನ ಆರು ವಾರ ಪ್ರತಿ ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮನೆಯಲ್ಲೇ ಗಡಿಯಾರ ಇಟ್ಟು ಬರೆಸಿದ ಮೇಲೆ ಅದು ಏಳಕ್ಕೆ ಬಂತು.

ಖರ್ಚಿನ ಲೆಕ್ಕ ನೋಡಿದರೆ, ಒಬ್ಬ ವಿದ್ಯಾರ್ಥಿಗೆ ಐದು ಪತ್ರಿಕೆಗೆ ಅವನ ಎರಡು, ನನ್ನ ಒಂದು ಎಂದು ಸುಮಾರು 210 ಕಾರ್ಡು, ಕಾರ್ಡಿಗೆ 50 ಪೈಸೆಯಂತೆ 105 ರೂಪಾಯಿ. 19 ಮಂದಿಗೆ 2,000, ಜೆರಾಕ್ಸು, ಉತ್ತರದ ಹಾಳೆ, ಪೆನ್ನು ಎಲ್ಲ ಸೇರಿ 6,000 ಮೀರಲಿಲ್ಲ. ನನ್ನ ಸಮಯ ದಿನಕ್ಕೆ ಎಂಟೊಂಬತ್ತು ಕಾರ್ಡು, ಒಂದು ಗಂಟೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ದೂರಶಿಕ್ಷಣದ ಸಂಸ್ಥೆಯನ್ನು ಆರಂಭಿಸಿದಾಗ ಇಟ್ಟ ಹೆಸರು ಅಂಚೆ ಮತ್ತು ತೆರಪಿನ ಶಿಕ್ಷಣ. 1996ರಲ್ಲಿ ಆ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾದ ಮೇಲೆ ಹೆಸರಿನಿಂದ ಅಂಚೆ ಹೋಯಿತು. ನಾನು ಹೊಸದೇನನ್ನೂ ಕಂಡುಹಿಡಿದಿಲ್ಲ, ಹೋದದ್ದನ್ನು ಹುಡುಕಿ ತಂದೆ, ಅಷ್ಟೇ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರು ಫಲಿತಾಂಶದ ಪಟ್ಟಿಯನ್ನು ಎರಡು ಸಲ ಎಣಿಸಿದರು.

ಕಾರ್ಡಿನ ಬದಲು ಅದರ ಫೋಟೋ ತೆಗೆದು ಫೋನಿನಲ್ಲಿ ಕಳಿಸಿದರೆ ಆಗದೇ ಎಂದು ಸಿಗ್ನಲ್ ಸಿಗುವ ನಾಲ್ವರು ಕೇಳಿದರು, ಒಪ್ಪಿದೆ. ಅವರ ಉತ್ತರಗಳು ಬೆಳಿಗ್ಗೆ ಬಂದು, ನನ್ನ ಪ್ರಶ್ನೆ ಮಧ್ಯಾಹ್ನವೇ ತಲುಪಿ, ಎರಡನೆಯ ಉತ್ತರ ಸಂಜೆಯೊಳಗೆ ಬಹಳ ಚೆನ್ನಾಗಿ ಬಂತು. ತೇರ್ಗಡೆಯಾಗದ ಮೂವರಲ್ಲಿ ಇಬ್ಬರು ಈ ನಾಲ್ವರೊಳಗಿನವರು. ಕೆಲಸ ಮಾಡುವುದು ಕಾರ್ಡೋ, ಅದು ತಲುಪುವಾಗಿನ ತಡವೋ ಎಂದು ನೋಡಬೇಕೆನಿಸಿತು. ಆದ್ದರಿಂದ ಈ ವರ್ಷದ 22 ಮಂದಿಯಲ್ಲಿ ಅರ್ಧದಷ್ಟು ಜನ ಕಾರ್ಡಿನವರು, ಉಳಿದರ್ಧ ಫೋನಿನವರು. ಆದರೆ ಫೋನಿನವರ ಉತ್ತರ ಎಷ್ಟು ಬೇಗ ಬಂದರೂ, ಅದನ್ನು ಐದು ದಿನ ನನ್ನ ಬಳಿ ತಡೆದಿಟ್ಟುಕೊಂಡೇ ಪ್ರಶ್ನೆ ಕಳಿಸುತ್ತಿದ್ದೇನೆ. ಸರ್, ನೀಲಿ ಗುರುತು ಬಂದು ನಾಲ್ಕು ದಿನವಾಯಿತು, ನೋಡಿದಿರಲ್ಲ ಎಂದು ನಿನ್ನೆಯೂ ಒಬ್ಬಳು ಕೇಳಿದ್ದಾಳೆ. ಆಕೆಗೆ ನಾಳೆ ಬರೆಯಬೇಕು.